ನಕ್ಕು ಬಿಡುವ ಅಂಕಿ, ಬಿಡಬಾರದ ಅಂಕಿ

ರಕ್ತಪರೀಕ್ಷೆಯ ರಿಪೋರ್ಟ್ ಈಗ ಎಷ್ಟೋ ಸಲ ಡಾಕ್ಟರ ಕೈಗೆ ಹೋಗುವ ಮೊದಲೇ ಮನೆಯವರ ಮೊಬೈಲಿಗೆ ಬಂದಿರುತ್ತದೆ. ಹಿರಿಯರು ಕನ್ನಡಕ ಏರಿಸಿ ಮೊದಲು ಹುಡುಕುವುದು ಮಿತಿ ದಾಟಿದ್ದಕ್ಕೆ ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಗಳನ್ನು. ಅಂಥ ಎರಡು ಸಾಲು ಕಂಡರೆ ಆ ರಾತ್ರಿಯ ನಿದ್ದೆ ಹಾಳು. ಆದರೆ ಆ ಮಿತಿ ಹುಟ್ಟುವ ಬಗೆ ತಿಳಿದರೆ ಅರ್ಧ ಭಯ ಇಳಿಯುತ್ತದೆ. ಎಷ್ಟೋ ಪರೀಕ್ಷೆಗಳಲ್ಲಿ, ಆರೋಗ್ಯವಂತರ ಒಂದು ಗುಂಪನ್ನು ಪರೀಕ್ಷಿಸಿ ನಡುವಿನ ಶೇ. 95 ಮಂದಿಯ ಅಂಕಿಗಳನ್ನು ಮಿತಿಯೆಂದು ಗೊತ್ತುಮಾಡುತ್ತಾರೆ. ಗಟ್ಟಿಮುಟ್ಟಾದವರಲ್ಲೂ ನೂರಕ್ಕೆ ಐವರು ಅದರಾಚೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಒಂದಾದರೂ ಮಿತಿ ದಾಟುವ ಸಾಧ್ಯತೆ ಶೇ. 64. ವಯಸ್ಸೂ ಲೆಕ್ಕ ಬದಲಿಸುತ್ತದೆ. ದೇಹದ ಉರಿಯೂತ ಸೂಚಿಸುವ ಇಎಸ್‌ಆರ್ ವಯಸ್ಸಿನೊಂದಿಗೆ ಏರುತ್ತದೆ. ಗಂಡಸರಿಗೆ ವಯಸ್ಸಿನ ಅರ್ಧದವರೆಗೆ ಇರಬಹುದೆಂಬುದು ವೈದ್ಯರ ಹಳೆಯ ಅಂದಾಜು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಹಲವು ಕಾಯಿಲೆಗಳಿಂದ ಬಳಲಿದ ವೃದ್ಧರಲ್ಲಿ 8ರ ಒಳಗಿದ್ದರೆ ಸಾಕೆನ್ನುತ್ತಾರೆ. ಸಕ್ಕರೆಯನ್ನು ಅತಿಯಾಗಿ ಇಳಿಸಹೋದರೆ ತಲೆಸುತ್ತಿ ಬಿದ್ದು ಮೂಳೆ ಮುರಿಯುವ ಅಪಾಯವಿದೆ. ಬೇರೆ ತೊಂದರೆಯಿಲ್ಲದೆ ತುಸುವೇ ಮಿತಿ ಮೀರಿದ ಅಂಕಿಯನ್ನು ಡಾಕ್ಟರ ಮಾತು ಕೇಳಿದ ಮೇಲೆ ಮನೆಮಂದಿಯೆಲ್ಲ ನಕ್ಕು ಬಿಡಬಹುದು.

ಹಾಗಾದರೆ ಎಲ್ಲವನ್ನೂ 'ವಯಸ್ಸಾಯ್ತಲ್ಲ' ಎಂದು ತಳ್ಳಿಹಾಕಬಹುದೇ ಎಂದು ಯಾರಾದರೂ ಕೇಳಿದರೆ, ಆ ಆಕ್ಷೇಪ ನ್ಯಾಯವಾದದ್ದೇ. ಹಿಮೋಗ್ಲೋಬಿನ್ ಗಂಡಸರಲ್ಲಿ 13ಕ್ಕಿಂತ, ಹೆಂಗಸರಲ್ಲಿ 12ಕ್ಕಿಂತ ಇಳಿದರೆ ಮುಪ್ಪನ್ನು ದೂರಿ ಸುಮ್ಮನಿರಬಾರದು; ಕರುಳಿನಲ್ಲಿ ಸದ್ದಿಲ್ಲದೆ ರಕ್ತ ಸೋರುತ್ತಿರಬಹುದು. ಇನ್ನು ಕೆಲವು ಅಪಾಯಗಳು ದಪ್ಪಕ್ಷರದಲ್ಲಿ ಬರುವುದೇ ಇಲ್ಲ. ಮೂತ್ರಪಿಂಡ ಸೋಸಿ ಹೊರಹಾಕುವ ಕ್ರಿಯಾಟಿನಿನ್, ಮಾಂಸಖಂಡ ಕರಗಿದವರಲ್ಲಿ ಕಡಿಮೆಯೇ ಹುಟ್ಟುತ್ತದೆ. ಅದು 1.0 ಇದ್ದರೆ, ಈಗಿನ ಸೂತ್ರದಂತೆ 30ರ ಹೆಣ್ಣುಮಗಳ ಮೂತ್ರಪಿಂಡದ ಸೋಸುವ ಪ್ರಮಾಣ ಸುಮಾರು 78, 80ರ ಅಜ್ಜಿಯದು ಸುಮಾರು 57. ಅಂಕಿ ಒಂದೇ, ಮಿತಿಯೊಳಗೇ ಇದೆ. ಆದರೆ ಮೂತ್ರಪಿಂಡಕ್ಕೆ ಹೊರೆಯಾಗಬಲ್ಲ ಮಂಡಿನೋವಿನ ಮಾತ್ರೆಯನ್ನು ಅಜ್ಜಿಗೆ ಡಾಕ್ಟರು ಮತ್ತೆ ಯೋಚಿಸಿ ಬರೆಯಬೇಕಾಗುತ್ತದೆ.

ಇಷ್ಟನ್ನೆಲ್ಲ ರೋಗಿ ಕಲಿಯಬೇಕೇ, ಡಾಕ್ಟರಿದ್ದಾರಲ್ಲ ಎನ್ನಬಹುದು. ನಿಜ, ತೀರ್ಮಾನ ಅವರದೇ. ಆದರೆ ಕಳೆದ ವರ್ಷದ ಅಂಕಿ ಎಷ್ಟಿತ್ತು, ಯಾವ ಮಾತ್ರೆ ನುಂಗುತ್ತಿದ್ದೇವೆ, ಊಟ ತೂಕ ಎಷ್ಟು ಇಳಿದಿದೆ ಎಂಬುದನ್ನು ನಾವೇ ಹೇಳಬೇಕು. ಹಿಮೋಗ್ಲೋಬಿನ್ ಹತ್ತು ವರ್ಷದಿಂದ 12.8ರಲ್ಲೇ ನಿಂತಿರುವುದು ಒಂದು ಕಥೆ, ಆರೇ ತಿಂಗಳಲ್ಲಿ 15ರಿಂದ 12.8ಕ್ಕೆ ಜಾರಿರುವುದು ಇನ್ನೊಂದು. ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿ ಜೋಡಿಸಿಡಿ. ಯಾವ ಅಂಕಿಗೆ ನಗಬೇಕು, ಯಾವುದಕ್ಕೆ ಆಸ್ಪತ್ರೆಗೆ ಹೊರಡಬೇಕು ಎಂದು ಡಾಕ್ಟರು ಹೇಳುವುದು ಆ ಫೈಲು ತಿರುವಿದ ಮೇಲೆ.