ಸ್ಮೃತಿಸ್ಥ ದತ್ತಸಂಚಯಗಳೂ ವಿದ್ಯುಚ್ಛಕ್ತಿಯ ಮಿತವ್ಯಯವೂ

ಗಣಕಯಂತ್ರದಲ್ಲಿ ದತ್ತಾಂಶಗಳನ್ನು ಡಿಸ್ಕಿನಲ್ಲಿರಿಸಿ ಬೇಕಾದಾಗ ತರಿಸಿಕೊಳ್ಳುವುದು ಹಿಂದಿನ ಪದ್ಧತಿ. ಸಮಸ್ತವನ್ನೂ ಮುಖ್ಯಸ್ಮೃತಿಯಲ್ಲಿಯೇ ನೆಲೆಗೊಳಿಸುವುದು ಮತ್ತೊಂದು. ಎಸ್‌ಎಪಿ ಸಂಸ್ಥೆಯ ಹಾನಾ, ರೆಡಿಸ್ ಮೊದಲಾದವು ಈ ವರ್ಗಕ್ಕೆ ಸೇರಿದವು. ಇವು ವೇಗಶಾಲಿಗಳೆಂಬುದರಲ್ಲಿ ವಿವಾದವಿಲ್ಲ. ಆದರೆ ವೇಗದ ಕಾರಣದಿಂದಲೇ ವಿದ್ಯುತ್ತೂ ಉಳಿಯುವುದೆಂಬ ಮಾತು ವಿಚಾರಾರ್ಹವಾಗಿದೆ.

ಸ್ಮೃತಿಯ ಒಂದೊಂದು ಕೋಶವೂ ಅತಿಸೂಕ್ಷ್ಮವಾದ ಕೆಪಾಸಿಟರು. ಅದರಲ್ಲಿ ತುಂಬಿದ ವಿದ್ಯುದಾವೇಶವು ತಾನಾಗಿಯೇ ಸೋರಿಹೋಗುತ್ತದೆ. ಆದುದರಿಂದ ಡಿಡಿಆರ್‌4 ಜಾತಿಯ ಸ್ಮೃತಿಯಲ್ಲಿ ಪ್ರತಿಯೊಂದು ಸಾಲನ್ನೂ 64 ಮಿಲಿಸೆಕೆಂಡಿನೊಳಗೊಮ್ಮೆ ಓದಿ ಪುನಃ ತುಂಬಬೇಕು. ಉಷ್ಣತೆಯು 85 ಡಿಗ್ರಿ ಸೆಲ್ಸಿಯಸ್ ಮೀರಿದರೆ 32 ಮಿಲಿಸೆಕೆಂಡಿನೊಳಗೆ. ಓಲೆಯ ಮೇಲೆ ಕಂಟದಿಂದ ಒಮ್ಮೆ ಕೊರೆದ ಅಕ್ಷರವು ಯಾರ ಶ್ರಮವನ್ನೂ ಬೇಡದೆ ಶತಮಾನಗಳ ಕಾಲ ನಿಲ್ಲಬಲ್ಲದು. ಇಲ್ಲಿಯಾದರೋ ಲಿಪಿಕಾರನು ಅದೇ ಗರಿಯನ್ನು ಸೆಕೆಂಡಿಗೆ ಹದಿನೈದಕ್ಕೂ ಹೆಚ್ಚು ಬಾರಿ ತಿದ್ದಿ ಬರೆಯುತ್ತಲೇ ಇರಬೇಕು, ಓದುವವರಿರಲಿ ಇಲ್ಲದಿರಲಿ.

ಹಾಗಾದರೆ ಉಳಿತಾಯವೆಲ್ಲಿ? ಬರೋಸೊ ಮತ್ತು ಹೋಲ್ಜ್ಲೆ 2007ರಲ್ಲಿ ಒಂದು ಸಂಗತಿಯನ್ನು ಎತ್ತಿ ತೋರಿಸಿದರು: ಸರ್ವರ್ ಯಂತ್ರವು ಏನೂ ಕೆಲಸ ಮಾಡದಿರುವಾಗಲೂ ತನ್ನ ಪೂರ್ಣಶಕ್ತಿಯ ಸುಮಾರು ಅರ್ಧದಷ್ಟನ್ನು ಸೆಳೆಯುತ್ತದೆ. ಕೆಲಸವು ಬೇಗನೆ ಮುಗಿದರೆ ಈ ನಿಷ್ಫಲ ವ್ಯಯವು ಒಂದೊಂದು ಪ್ರಶ್ನೆಯ ಪಾಲಿಗೆ ಕಡಿಮೆಯಾಗಿ ಬೀಳುತ್ತದೆ. ಒಂದೇ ಯಂತ್ರದ ಮಟ್ಟಿಗೆ ಅತ್ಯಂತ ವೇಗದ ವಿನ್ಯಾಸವೇ ಸಾಮಾನ್ಯವಾಗಿ ಅತ್ಯಂತ ಮಿತವ್ಯಯದ್ದೆಂದು 2010ರಲ್ಲಿ ತ್ಸಿರೊಗಿಯಾನಿಸ್ ಮೊದಲಾದವರು ಕಂಡುಕೊಂಡುದು ಇದಕ್ಕೆ ಅನುಗುಣವಾಗಿಯೇ ಇದೆ. ಆದರೆ ಪ್ರಶ್ನೆಗಳೇ ವಿರಳವಾದಲ್ಲಿ ಈ ವಾದಕ್ಕೆ ಬಲವಿಲ್ಲ.

ನನ್ನ ದೃಷ್ಟಿಯಲ್ಲಿ ಹೆಚ್ಚು ಗಣನೀಯವಾದುದು ಸಂಕ್ಷೇಪಣ. ಹಾನಾದಂತಹ ವ್ಯವಸ್ಥೆಗಳು ದತ್ತಾಂಶವನ್ನು ಕಂಬಸಾಲಾಗಿ ಇಟ್ಟು, ಪದಗಳಿಗೆ ಒಂದು ಕೋಶವನ್ನು ರಚಿಸಿ, ಪದದ ಸ್ಥಾನದಲ್ಲಿ ಅದರ ಕ್ರಮಸಂಖ್ಯೆಯನ್ನು ಮಾತ್ರ ಬರೆಯುತ್ತವೆ. ಸಾಂಕೇತಿಕ ಸಂಖ್ಯೆಗಳಿಂದ ಗ್ರಂಥವಿಸ್ತರವನ್ನು ತಗ್ಗಿಸುವ ಕ್ರಮವು ವಿದ್ವಾಂಸರಿಗೆ ಹೊಸದಲ್ಲ. ‘ಬೆಂಗಳೂರು’ ಎಂಬ ಪದವು ಯುಟಿಎಫ್-8 ಸಂಕೇತದಲ್ಲಿ 24 ಬೈಟುಗಳನ್ನು ಆಕ್ರಮಿಸುತ್ತದೆ. ಬೇರೆ ಬೇರೆ ಊರುಗಳು 256ನ್ನು ಮೀರದಿದ್ದರೆ ಒಂದೇ ಬೈಟು ಸಾಕು. ಅದು ಹತ್ತು ಲಕ್ಷ ಸಲ ಬಂದರೆ 2.4 ಕೋಟಿ ಬೈಟುಗಳ ಸ್ಥಳದಲ್ಲಿ ಹತ್ತು ಲಕ್ಷ ಬೈಟುಗಳು. ಅಷ್ಟರಮಟ್ಟಿಗೆ ಸ್ಮೃತಿಯೂ, ಪುನಃಪೂರಣವೂ, ದತ್ತಾಂಶದ ಸಾಗಣೆಯೂ ಕಡಿಮೆ.

ವಿದ್ಯುತ್ತು ನಿಂತರೂ ಅಳಿಯದ ಸ್ಮೃತಿಯನ್ನು ಇಂಟೆಲ್ ಸಂಸ್ಥೆಯು ಆಪ್ಟೇನ್ ಎಂಬ ಹೆಸರಿನಿಂದ 2019ರಲ್ಲಿ ಸರ್ವರ್‌ಗಳಿಗೆ ಒದಗಿಸಿತು. 2022ರಲ್ಲಿ ಆ ವ್ಯವಹಾರವನ್ನೇ ಮುಚ್ಚುವುದಾಗಿ ಘೋಷಿಸಿತು. ಆದಕಾರಣ ಪದೇ ಪದೇ ಬಳಕೆಗೆ ಬರುವ ಭಾಗವನ್ನು ಮಾತ್ರ ಸ್ಮೃತಿಯಲ್ಲಿಟ್ಟು, ಉಳಿದುದನ್ನು ಡಿಸ್ಕಿಗೆ ಇಳಿಸುವುದೇ ಯುಕ್ತವೆಂದು ತೋರುತ್ತದೆ. ಕೆಲವು ಸಾವಿರ ಪ್ರತಿಗಳ ಸೂಚೀಪತ್ರವು ಹೇಗೂ ಕೆಲವೇ ಮೆಗಾಬೈಟುಗಳಷ್ಟು. ಅದಕ್ಕಾಗಿ ಹಗಲಿರುಳು ಒಂದು ಮಹಾಯಂತ್ರವನ್ನು ಉರಿಸಬೇಕಾಗಿಲ್ಲ.