ಕೆಂಪಗಿರುವುದೆಲ್ಲ ಒಂದೇ ಎಣ್ಣೆಯಲ್ಲ

ಎಡಗಾಲಿಗೆ ಕೆಲಸವಿಲ್ಲದ ಕಾರುಗಳು ಈಗ ನಮ್ಮ ಊರುಗಳಲ್ಲಿ ಅಪರೂಪವಲ್ಲ. ಕ್ಲಚ್ಚನ್ನು ತುಳಿಯಬೇಕಾಗಿಲ್ಲ, ಗೇರಿನ ಹಿಡಿಯನ್ನು ಗಳಿಗೆಗಳಿಗೆಗೂ ಜಗ್ಗಬೇಕಾಗಿಲ್ಲ. ವೇಗ ಹೆಚ್ಚಿದಂತೆ ಕಾರು ತಾನಾಗಿಯೇ ಮೇಲಿನ ಗೇರಿಗೆ ಹೋಗುತ್ತದೆ. ದಿಣ್ಣೆ ಎದುರಾದಾಗ ತಾನಾಗಿಯೇ ಕೆಳಗಿನ ಗೇರಿಗೆ ಇಳಿಯುತ್ತದೆ. ಬೆಂಗಳೂರಿನ ಸಂಜೆಯ ಸಂದಣಿಯಲ್ಲಿ ಗಂಟೆಗಟ್ಟಲೆ ತೆವಳುವವರಿಗೆ ಇದೊಂದು ವರವೇ ಸರಿ. ಆದರೆ ಈ ಸುಖದ ಹಿಂದೆ ಸದ್ದಿಲ್ಲದೆ ದುಡಿಯುತ್ತಿರುವುದು ಗೇರ್‌ಪೆಟ್ಟಿಗೆಯೊಳಗಿನ ಕೆಲವು ಲೀಟರು ಎಣ್ಣೆ. ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್ ಎಂಬುದು ಅದರ ಪೂರ್ಣನಾಮ, ಎ.ಟಿ.ಎಫ್. ಎಂಬುದು ಗ್ಯಾರೇಜಿನಲ್ಲಿ ಕರೆಯುವ ಹೆಸರು.

ಎಂಜಿನ್ನಿಗೆ ಯಾವ ಎಣ್ಣೆ ಒಳ್ಳೆಯದೆಂದು ನಾಲ್ಕು ಕಡೆ ವಿಚಾರಿಸುವ ಗೃಹಸ್ಥನೂ ಇದರ ವಿಷಯದಲ್ಲಿ ಮಾತ್ರ, “ಕೆಂಪಗಿದ್ದರಾಯಿತು, ಹಾಕಿಬಿಡಿ” ಎಂದುಬಿಡುತ್ತಾನೆ. ಅಂದು ಉಳಿದ ಕೆಲವು ನೂರು ರೂಪಾಯಿ ಮುಂದೊಂದು ದಿನ ಗೇರ್‌ಪೆಟ್ಟಿಗೆಯನ್ನೇ ಬಿಚ್ಚಿಸಿ, ಲಕ್ಷದ ಲೆಕ್ಕಕ್ಕೆ ಹೋಗುವ ಖರ್ಚನ್ನು ತಂದೊಡ್ಡಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದ ಮಾತು ಕೆಂಪೆಣ್ಣೆಗೂ ಸಲ್ಲುತ್ತದೆ.

ಒಂದೇ ಎಣ್ಣೆ, ಐದು ಕೆಲಸ

ಸಾಮಾನ್ಯ ಗೇರ್‌ಪೆಟ್ಟಿಗೆಯ ಎಣ್ಣೆಗೆ ಹಲ್ಲುಚಕ್ರಗಳು ಸವೆಯದಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸ. ಆಟೋಮ್ಯಾಟಿಕ್ ಪೆಟ್ಟಿಗೆಯ ಎಣ್ಣೆಗಾದರೋ ಐದು ಕೆಲಸಗಳು.

ಮೊದಲನೆಯದು, ಎಂಜಿನ್ನಿನ ಶಕ್ತಿಯನ್ನು ಗೇರುಗಳಿಗೆ ಮುಟ್ಟಿಸುವುದು. ಎರಡು ಬೀಸಣಿಗೆಗಳನ್ನು ಎದುರುಬದುರಾಗಿಟ್ಟು ಒಂದನ್ನು ತಿರುಗಿಸಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆಯಷ್ಟೆ. ಟಾರ್ಕ್ ಕನ್ವರ್ಟರ್ ಎಂಬ ಭಾಗದಲ್ಲಿ ಗಾಳಿಗೆ ಬದಲಾಗಿ ಎಣ್ಣೆ ಈ ಕೆಲಸವನ್ನು ಮಾಡುತ್ತದೆ. ಇದರ ಮೂಲತತ್ತ್ವವನ್ನು 1905ರಲ್ಲಿ ಜರ್ಮನಿಯ ಹರ್ಮನ್ ಫೊಟಿಂಗರ್ ಕಂಡುಹಿಡಿದದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಎರಡನೆಯದು, ಒತ್ತಡಕ್ಕೊಳಗಾಗಿ ಪಿಸ್ಟನ್ನುಗಳನ್ನು ತಳ್ಳಿ ಕ್ಲಚ್ಚುಗಳನ್ನು ಬಿಗಿಹಿಡಿಸುವುದು. ಮೂರನೆಯದು ಶಾಖವನ್ನು ಹೊತ್ತೊಯ್ಯುವುದು, ನಾಲ್ಕನೆಯದು ಸವೆತವನ್ನು ತಡೆಯುವುದು.

ಐದನೆಯ ಕೆಲಸ ಎಲ್ಲಕ್ಕಿಂತ ನಾಜೂಕಿನದು. ಈ ಪೆಟ್ಟಿಗೆಯ ಕ್ಲಚ್ಚುಗಳು ಎಣ್ಣೆಯಲ್ಲಿಯೇ ಮುಳುಗಿರುತ್ತವೆ. ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವಾಗ ಅವುಗಳ ಬಿಲ್ಲೆಗಳು ಕ್ಷಣಕಾಲ ಒಂದರ ಮೇಲೊಂದು ಜಾರಬೇಕು; ಮರುಕ್ಷಣವೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಗರಡಿಗೆ ಇಳಿಯುವ ಜಟ್ಟಿಯನ್ನು ನೆನೆದರೆ ಇದರ ಕಷ್ಟ ತಿಳಿದೀತು. ಮೈಗೆ ಎಣ್ಣೆ ಸವರಿಕೊಂಡವನು ಎದುರಾಳಿಯ ಕೈಗೆ ಸಿಕ್ಕದೆ ಜಾರುತ್ತಾನೆ. ಮಣ್ಣು ಎರಚಿಕೊಂಡಾಗ ಮಾತ್ರ ಪಟ್ಟು ನಿಲ್ಲುತ್ತದೆ. ಎಣ್ಣೆಯ ಗುಣ, ಮಣ್ಣಿನ ಗುಣ ಎರಡೂ ಒಂದೇ ದ್ರವದಲ್ಲಿರಬೇಕು, ಅದೂ ನಿಗದಿಯಾದ ಪ್ರಮಾಣದಲ್ಲಿ! ಪ್ರತಿಯೊಬ್ಬ ತಯಾರಕನೂ ತನ್ನ ಬಿಲ್ಲೆಗಳಿಗೆ ಒಗ್ಗುವಂತೆ ಈ ಪ್ರಮಾಣವನ್ನು ಗೊತ್ತುಮಾಡುತ್ತಾನೆ. ಬಣ್ಣ ಒಂದೇ ಆದ ಎಣ್ಣೆಗಳು ಗುಣದಲ್ಲಿ ಬೇರೆಬೇರೆಯಾಗುವುದು ಇಲ್ಲಿಯೇ.

ತಿಮಿಂಗಿಲದ ಋಣ

ಈ ಎಣ್ಣೆಯ ಚರಿತ್ರೆ ಕತೆಯಂತೆಯೇ ಸ್ವಾರಸ್ಯವಾಗಿದೆ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು ‘ಹೈಡ್ರಾಮ್ಯಾಟಿಕ್’ ಎಂಬ ಗೇರ್‌ಪೆಟ್ಟಿಗೆಯನ್ನು ತನ್ನ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಅಳವಡಿಸಿತು. ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಜನರ ಕೈಸೇರಿದ ಮೊದಲ ಸಂಪೂರ್ಣ ಆಟೋಮ್ಯಾಟಿಕ್ ಅದು. 1949ರಲ್ಲಿ ಅದೇ ಸಂಸ್ಥೆ ‘ಟೈಪ್ ಎ’ ಎಂಬ ಎಣ್ಣೆಯ ಲಕ್ಷಣಗಳನ್ನು ಗೊತ್ತುಪಡಿಸಿತು. 1957ರಲ್ಲಿ ಅದನ್ನು ಇನ್ನಷ್ಟು ತಿದ್ದಿತು.

ಆ ಕಾಲದ ಎಣ್ಣೆಗೆ ನಯವಾದ ಹಿಡಿತವನ್ನು ಕೊಡುತ್ತಿದ್ದುದು ಸ್ಪರ್ಮ್ ತಿಮಿಂಗಿಲದ ಎಣ್ಣೆ! ಕಡಲಾಳದ ಆ ಮಹಾಪ್ರಾಣಿಯ ತಲೆಯಿಂದಲೂ ಕೊಬ್ಬಿನಿಂದಲೂ ತೆಗೆದ ಎಣ್ಣೆ ರಾಸಾಯನಿಕವಾಗಿ ಒಂದು ಬಗೆಯ ದ್ರವರೂಪದ ಮೇಣ. ಎಷ್ಟು ಒತ್ತಡ ಬಿದ್ದರೂ ಅದು ಲೋಹಕ್ಕೆ ತೆಳುವಾಗಿ ಅಂಟಿಕೊಂಡಿರುತ್ತದೆ. ಹೀಗಾಗಿ ಅಮೆರಿಕದ ಹೆದ್ದಾರಿಗಳಲ್ಲಿ ಲಕ್ಷಾಂತರ ಕಾರುಗಳು ಜರ್ಕಿಲ್ಲದೆ ಓಡುವಾಗ, ಅದರ ಬೆಲೆಯನ್ನು ದೂರದ ಸಾಗರಗಳ ಮೂಕಜೀವಿಗಳು ತೆರುತ್ತಿದ್ದವು.

1970ರಲ್ಲಿ ಅಮೆರಿಕ ಸರ್ಕಾರವು ಈ ತಿಮಿಂಗಿಲವನ್ನು ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ತಿಮಿಂಗಿಲದ ಎಣ್ಣೆಯ ಆಮದು ನಿಂತಿತು. ರಸಾಯನಶಾಸ್ತ್ರಜ್ಞರು ಪರ್ಯಾಯಕ್ಕಾಗಿ ಹುಡುಕಾಡಬೇಕಾಯಿತು. ‘ಡೆಕ್ಸ್‌ರಾನ್’ ಎಂಬ ಹೆಸರಿನಿಂದ 1967ರಲ್ಲಿ ಬಂದಿದ್ದ ಎಣ್ಣೆಯ ಜಾಗದಲ್ಲಿ 1973ರ ಸುಮಾರಿಗೆ ‘ಡೆಕ್ಸ್‌ರಾನ್ 2’ ಬಂದಿತು. ಮೊದಮೊದಲು ಈ ಹೊಸ ಎಣ್ಣೆ ಅದನ್ನು ತಣ್ಣಗಾಗಿಸುವ ಕೊಳವೆಗಳ ಬೆಸುಗೆಯನ್ನೇ ತಿನ್ನತೊಡಗಿತು, ಅದನ್ನೂ ತಿದ್ದಬೇಕಾಯಿತು. ಒಂದು ಅಂಶವನ್ನು ಬದಲಿಸಿದರೆ ಎಲ್ಲೋ ಇನ್ನೊಂದು ಕಡೆ ಏಟು ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಾಗಿಲ್ಲ. ಕಾರ್ಖಾನೆಗಳ ನುರಿತವರಿಗೇ ಇಷ್ಟು ಪಾಡಾದ ಮೇಲೆ, ಡಬ್ಬಿಯ ಬಣ್ಣವನ್ನಷ್ಟೇ ನೋಡಿ ಎಣ್ಣೆ ಸುರಿಯುವವರ ಗತಿ ಏನಾದೀತು?

ಜಾರಿಸುವುದೊಂದು, ಕಚ್ಚುವುದೊಂದು

ಅದೇ ಕಾಲದಲ್ಲಿ ಫೋರ್ಡ್ ಸಂಸ್ಥೆ ಬೇರೊಂದು ದಾರಿ ಹಿಡಿದಿತ್ತು. ಅದರ ‘ಟೈಪ್ ಎಫ್’ ಎಣ್ಣೆಯಲ್ಲಿ ಹಿಡಿತವನ್ನು ಮೃದುಗೊಳಿಸುವ ಅಂಶವನ್ನು ಬೆರೆಸುತ್ತಿರಲಿಲ್ಲ. ಬಿಲ್ಲೆಗಳು ಥಟ್ಟನೆ ಕಚ್ಚಿಕೊಳ್ಳುತ್ತಿದ್ದವು. ಡೆಕ್ಸ್‌ರಾನ್ ಆದರೋ ಅವನ್ನು ಮೆಲ್ಲನೆ ಕೂಡಿಸುತ್ತಿತ್ತು. ಎರಡೂ ಕೆಂಪು, ಎರಡೂ ಉತ್ತಮ, ಆದರೆ ಒಂದರ ಮನೆಗೆ ಇನ್ನೊಂದು ಸಲ್ಲದು. ಡೆಕ್ಸ್‌ರಾನ್ ಬೇಕಾದಲ್ಲಿ ಟೈಪ್ ಎಫ್ ಹಾಕಿದರೆ ಗೇರು ಬದಲಾಗುವಾಗಲೆಲ್ಲ ಕಾರು ಒದ್ದಂತೆ ಜರ್ಕು ಹೊಡೆಯುವುದು. ಟೈಪ್ ಎಫ್ ಬೇಕಾದಲ್ಲಿ ಡೆಕ್ಸ್‌ರಾನ್ ಹಾಕಿದರೆ ಬಿಲ್ಲೆಗಳು ಹೆಚ್ಚು ಹೊತ್ತು ಜಾರಿ, ಕಾದು, ಕೊನೆಗೆ ಸುಟ್ಟುಹೋಗುವುದು. ಎರಡನೆಯದೇ ಹೆಚ್ಚು ಮೋಸದ್ದು. ಏಕೆಂದರೆ ಮೊದಮೊದಲು ಸವಾರಿ ನಯವಾಗಿಯೇ ಇರುತ್ತದೆ!

ನಮ್ಮ ಕಾರಿಗೆ ಯಾವುದು?

ಈಗ ನಮ್ಮ ರಸ್ತೆಗಳಿಗೆ ಬರೋಣ. ಇಲ್ಲಿ ‘ಆಟೋಮ್ಯಾಟಿಕ್’ ಎಂಬ ಒಂದೇ ಹೆಸರಿನ ಕೆಳಗೆ ನಾಲ್ಕು ಜಾತಿಗಳಿವೆ. ಟಾರ್ಕ್ ಕನ್ವರ್ಟರ್ ಇರುವುದಕ್ಕೆ ಎ.ಟಿ.ಎಫ್. ಬೇಕು. ಸಿ.ವಿ.ಟಿ. ಎಂಬುದರಲ್ಲಿ ಉಕ್ಕಿನ ಪಟ್ಟಿಯೊಂದು ಎರಡು ರಾಟೆಗಳ ನಡುವೆ ಓಡುತ್ತದೆ. ಉಕ್ಕು ಉಕ್ಕನ್ನು ಜಾರದೆ ಹಿಡಿಯಬೇಕಾದ್ದರಿಂದ ಅದಕ್ಕೆ ಸಿ.ವಿ.ಟಿ. ದ್ರವವೇ ಆಗಬೇಕು, ಸಾಧಾರಣ ಎ.ಟಿ.ಎಫ್. ಹಾಕಿದರೆ ಪಟ್ಟಿ ಜಾರಿ ರಾಟೆಗಳಿಗೆ ಗೀರು ಬೀಳುತ್ತದೆ. ಎರಡು ಕ್ಲಚ್ಚುಗಳ ಡಿ.ಸಿ.ಟಿ.ಗೆ ಅದರದೇ ಎಣ್ಣೆ. 2014ರಲ್ಲಿ ಮಾರುತಿ ಸೆಲೆರಿಯೋ ಮೂಲಕ ನಮ್ಮಲ್ಲಿ ಪ್ರಚಾರಕ್ಕೆ ಬಂದ ಎ.ಎಂ.ಟಿ. ನಿಜವಾಗಿ ಸಾಧಾರಣ ಗೇರ್‌ಪೆಟ್ಟಿಗೆಯೇ. ಕ್ಲಚ್ಚು ಒತ್ತಿ ಗೇರು ಬದಲಿಸುವ ಕೆಲಸವನ್ನು ಮಾತ್ರ ಯಂತ್ರದ ಕೈ ಮಾಡುತ್ತದೆ. ಆದುದರಿಂದ ಅದರ ಎಣ್ಣೆಯೂ ಬೇರೆ.

ಕಾರಿನ ಹೆಸರನ್ನು ಹೇಳಿದರೂ ಸಾಲದು. ಬಿಡದಿಯ ಕಾರ್ಖಾನೆಯಿಂದ ಬರುವ ಇನ್ನೋವಾವನ್ನೇ ನೋಡಿ. 2016ರಲ್ಲಿ ಬಂದ ಕ್ರಿಸ್ಟಾದ ಆಟೋಮ್ಯಾಟಿಕ್‌ನಲ್ಲಿ ಟಾರ್ಕ್ ಕನ್ವರ್ಟರ್ ಸಹಿತ ಆರು ಗೇರುಗಳಿದ್ದವು. 2022ರಲ್ಲಿ ಪರಿಚಯವಾದ ಹೈಕ್ರಾಸ್‌ನ ಸಾಧಾರಣ ಪೆಟ್ರೋಲ್ ಕಾರಿನದು ಸಿ.ವಿ.ಟಿ. ಮನೆತನ ಒಂದೇ, ಆಹಾರ ಬೇರೆ. ಟೊಯೋಟಾ ಸಂಸ್ಥೆಯ ಎ.ಟಿ.ಎಫ್.ನಲ್ಲಿಯೂ ಹಳೆಯ ಕಾರುಗಳಿಗೆ ‘ಟಿ-4’, ಹೊಸವಕ್ಕೆ ‘ಡಬ್ಲ್ಯು.ಎಸ್.’ ಎಂಬ ಭೇದವಿದೆ. ಒಂದರ ಬದಲಿಗೆ ಇನ್ನೊಂದು ಸಲ್ಲದು. ಆದುದರಿಂದ ಮಾದರಿ, ವರ್ಷ, ಗೇರ್‌ಪೆಟ್ಟಿಗೆಯ ಜಾತಿ ಮೂರನ್ನೂ ತಿಳಿದು, ಕಾರಿನೊಡನೆ ಬಂದ ಪುಸ್ತಕದಲ್ಲಿ ಮುದ್ರಿಸಿರುವ ಎಣ್ಣೆಯ ಹೆಸರನ್ನು ಅಕ್ಷರಶಃ ಬರೆದುಕೊಂಡು ಅಂಗಡಿಗೆ ಹೋಗುವುದೇ ಕ್ಷೇಮ.

ಡಬ್ಬಿಯನ್ನು ಓದುವ ಬಗೆ

ಡಬ್ಬಿಯ ಮೇಲೆ ‘ಇಂಥ ಸಂಸ್ಥೆಯಿಂದ ಅನುಮೋದಿತ’ ಎಂದಿರುವುದಕ್ಕೂ ‘ಇಂಥ ಕಾರುಗಳಿಗೆ ಹೊಂದುತ್ತದೆ’ ಎಂದಿರುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ಕಾರಿನ ತಯಾರಕ ಕೊಟ್ಟ ಮಾತು. ಎರಡನೆಯದು ಎಣ್ಣೆ ಮಾರುವವನ ಮಾತು. ಎಲ್ಲ ಕಾರುಗಳಿಗೂ ಒಂದೇ ಎಣ್ಣೆ ಎನ್ನುವ ಡಬ್ಬಿಗಳು ಎರಡನೆಯ ವರ್ಗದವೇ. ಅವುಗಳಲ್ಲಿ ಒಳ್ಳೆಯವೂ ಇರಬಹುದು. ಆದರೆ ಹೊಣೆ ಕೊಂಡವನ ತಲೆಯ ಮೇಲಿರುತ್ತದೆ.

ಡೆಕ್ಸ್‌ರಾನ್ 3ಕ್ಕೆ ಜನರಲ್ ಮೋಟಾರ್ಸ್ ಕೊಡುತ್ತಿದ್ದ ಪರವಾನಗಿ 2006ರ ಕೊನೆಗೇ ಮುಗಿದಿದೆ. ಈಗ ಆ ಹೆಸರು ಹೊತ್ತ ಎಣ್ಣೆಗೆ ಆ ಸಂಸ್ಥೆಯ ಮುದ್ರೆಯ ಬಲವಿಲ್ಲ. 2005ರಲ್ಲಿ ಬಂದ ಡೆಕ್ಸ್‌ರಾನ್ 6 ಅದಕ್ಕಿಂತ ತೆಳುವಾದದ್ದು. ನೂರು ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಳೆಯದರ ಸ್ನಿಗ್ಧತೆ ಸುಮಾರು 7 ಸೆಂಟಿಸ್ಟೋಕ್ ಇದ್ದರೆ, ಹೊಸದರದು ಸುಮಾರು 6. ತೆಳುವಾದ ಎಣ್ಣೆಯಿಂದ ಇಂಧನ ಉಳಿಯುತ್ತದೆ. ಗಟ್ಟಿಯಾದದ್ದೇ ಒಳ್ಳೆಯದೆಂಬ ಹಳೆಯ ನಂಬಿಕೆ ಇಲ್ಲಿ ನಡೆಯದು.

ಎಣ್ಣೆಯ ಆರೋಗ್ಯ

ಹೊಸ ಎ.ಟಿ.ಎಫ್. ಸಾಮಾನ್ಯವಾಗಿ ತಿಳಿಯಾದ ಕೆಂಪು. ಸೋರಿದಾಗ ಎಂಜಿನ್ ಎಣ್ಣೆಯಿಂದ ಬೇರೆಯಾಗಿ ಕಾಣಲೆಂದು ಬೆರೆಸಿದ ಬಣ್ಣವದು, ಗುಣದ ಸಾಕ್ಷಿಯಲ್ಲ. ಬಳಸುತ್ತ ಕಂದಾಗುವುದು ಸಹಜ. ಆದರೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬಿಲ್ಲೆಗಳು ಬೇಯುತ್ತಿವೆಯೆಂದು ತಿಳಿಯಬೇಕು. ರೋಸ್ ಮಿಲ್ಕಿನಂತೆ ಕಂಡರೆ ರೇಡಿಯೇಟರಿನ ನೀರು ಬೆರೆತಿದೆ. ಕಾರನ್ನು ಮುಂದೆ ಓಡಿಸದೆ ನಿಲ್ಲಿಸುವುದೇ ಲೇಸು.

‘ಕಾರಿನ ಆಯುಷ್ಯವೆಲ್ಲ ಬದಲಿಸಬೇಕಾಗಿಲ್ಲ’ ಎಂಬ ಮಾತನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅನೇಕ ಯೂರೋಪಿನ ಕಾರುಗಳಿಗೆ ಗೇರ್‌ಪೆಟ್ಟಿಗೆಗಳನ್ನು ಒದಗಿಸುವ ಜರ್ಮನಿಯ ಜ಼ೆಡ್.ಎಫ್. ಸಂಸ್ಥೆಯೇ 80,000ದಿಂದ 1,20,000 ಕಿಲೋಮೀಟರಿನೊಳಗೆ, ಇಲ್ಲವೇ ಎಂಟು ವರ್ಷಕ್ಕೆ ಎಣ್ಣೆ ಬದಲಿಸಲು ಸಲಹೆ ಮಾಡುತ್ತದೆ.

ತಪ್ಪು ಎಣ್ಣೆ ಬಿದ್ದಿದೆಯೆಂದು ತಿಳಿದಾಗ ಬಿರಡೆ ಬಿಚ್ಚಿ ಒಮ್ಮೆ ಸುರಿಸಿದರೆ ಸಾಲದು. ಟಾರ್ಕ್ ಕನ್ವರ್ಟರಿನೊಳಗೆ ಒಂದು ಪಾಲು ಉಳಿದೇ ಇರುತ್ತದೆ. ಅದನ್ನು ಪೂರ್ತಿ ಹೊರಡಿಸಲು ಎರಡು ಮೂರು ಸಲ ಬದಲಿಸಬೇಕಾಗಬಹುದು. ಹೊಸದನ್ನು ತುಂಬುವಾಗ ಮಟ್ಟ ಹೆಚ್ಚಾದರೆ ನೊರೆ ಏಳುತ್ತದೆ, ಕಡಿಮೆಯಾದರೆ ಒತ್ತಡ ಕುಸಿಯುತ್ತದೆ. ಈಚಿನ ಎಷ್ಟೋ ಕಾರುಗಳಲ್ಲಿ ಮಟ್ಟ ನೋಡುವ ಕಡ್ಡಿಯೇ ಇಲ್ಲದಿರುವುದರಿಂದ, ಗೊತ್ತಾದ ಉಷ್ಣತೆಯಲ್ಲಿ ಅಳೆಯಬಲ್ಲ ಕುಶಲನ ಕೈಗೇ ಈ ಕೆಲಸವನ್ನು ಒಪ್ಪಿಸಬೇಕು. ಅವನು ಡಬ್ಬಿಯ ಮುಚ್ಚಳ ತೆಗೆಯುವ ಮೊದಲು, ಪುಸ್ತಕದಲ್ಲಿರುವ ಹೆಸರೂ ಡಬ್ಬಿಯ ಮೇಲಿನ ಹೆಸರೂ ಒಂದೇ ಆಗಿವೆಯೇ ಎಂದು ಮಾಲೀಕನು ಪಕ್ಕದಲ್ಲಿ ನಿಂತು ಓದಿ ನೋಡಬೇಕು. ಅದಕ್ಕೆ ಹಿಡಿಯುವುದು ಅರ್ಧ ನಿಮಿಷ.