ಶಾರ್ಜಾದಿಂದ ಮೆಲ್ಬರ್ನಿಗೆ ಒಯ್ದ ಒಂದು ಜೋಡಿ ಹೆಡ್‌ಲೈಟ್

ರಜೆಗೆ ಹೊರಡುವಾಗ ನಮ್ಮ ಪೆಟ್ಟಿಗೆಯೊಳಗೆ ಏನೇನು ಇರುತ್ತದೆಂದು ಗಲ್ಫಿನ ಕನ್ನಡಿಗರಿಗೆ ನಾನು ಹೇಳಬೇಕಾಗಿಲ್ಲ. ಖರ್ಜೂರ, ಹಾಲಿನ ಪುಡಿ, ಬಾದಾಮಿ, ಸೆಂಟು, ಯಾರದೋ ಮಗನಿಗೆ ಮೊಬೈಲ್. ಎರಡು ವರ್ಷದ ಹಿಂದೆ ಜುಲೈ ರಜೆಯಲ್ಲಿ ನಾವು ಊರಿನ ಬದಲು ಆಸ್ಟ್ರೇಲಿಯಾಕ್ಕೆ ಹೋದೆವು. ತಮ್ಮ ಮೆಲ್ಬರ್ನಿನ ಪಶ್ಚಿಮಕ್ಕಿರುವ ಟಾರ್ನೀಟ್‌ನಲ್ಲಿದ್ದಾನೆ, ತಂಗಿ-ಭಾವ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿದ್ದಾರೆ. ಅಲ್ಲಿಗೆ ಉಪ್ಪಿನಕಾಯಿ, ತುಪ್ಪ ಒಯ್ಯುವುದು ಕಷ್ಟ. ತಿನ್ನುವ ಪದಾರ್ಥ ಏನಿದ್ದರೂ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಬರೆದು ತೋರಿಸಬೇಕು. ಹಾಗಾಗಿ ತಮ್ಮನನ್ನೇ ಕೇಳಿದೆ, "ನಿನಗೆ ಏನು ತರಲಿ?"

"ಅಣ್ಣ, ನನ್ನ ಗಾಲ್ಫ್ ಕಾರಿನ ಹೆಡ್‌ಲೈಟ್ ಹಳದಿಯಾಗಿದೆ. ಇಲ್ಲಿ ಹೊಸದು ಹಾಕಿಸುವುದೆಂದರೆ ಒಂದು ವಾರದ ಸಂಬಳ. ಶಾರ್ಜಾದಲ್ಲಿ ಸೆಕೆಂಡ್ ಹ್ಯಾಂಡ್ ಯುರೋಪಿಯನ್ ಲೈಟ್ ಅಗ್ಗಕ್ಕೆ ಸಿಗುತ್ತದಂತಲ್ಲ?"

ಸಿಗುತ್ತದೆ. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಿಚ್ಚಿಟ್ಟ ಕಾರುಗಳ ಅಂಗಡಿ ಸಾಲು ಕಂಡವರಿಗೆ ಗೊತ್ತು. ಒಂದು ಶುಕ್ರವಾರ ಹೋದೆ. ಮಾದರಿ ಹೇಳಿದೆ, ವರ್ಷ ಹೇಳಿದೆ. ಹುಡುಗ ಒಳಗಿನಿಂದ ಗಾಜಿನಂತೆ ಹೊಳೆಯುವ ಒಂದು ಜೋಡಿ ತಂದಿಟ್ಟ. ಮೇಲೆ ವೃತ್ತದೊಳಗೆ 'ಇ' ಅಕ್ಷರ, ಪಕ್ಕದಲ್ಲಿ ಅಂಕಿ. ಯುರೋಪಿನ ಮಾನ್ಯತೆಯ ಗುರುತು. ಚೌಕಾಸಿ ಮಾಡಿ, ಕೈಲಿಯಲ್ಲಿ, ಟವೆಲಿನಲ್ಲಿ ಸುತ್ತಿ, ಮಕ್ಕಳ ಸ್ವೆಟರ್ ನಡುವೆ ಇಟ್ಟು ಒಯ್ದೆ. ಗಲ್ಫಿನಿಂದ ಗಾಲ್ಫಿಗೆ ಎಂದು ಮನೆಯಲ್ಲಿ ನಗುವಾಯಿತು.

ಜುಲೈ ಎಂದರೆ ಅಲ್ಲಿ ಚಳಿಗಾಲ. ಸಂಜೆ ಐದೂವರೆಗೆಲ್ಲ ಕತ್ತಲೆ. ಶನಿವಾರ ಮಧ್ಯಾಹ್ನ ಅಣ್ಣ-ತಮ್ಮ ಸೇರಿ ಮನೆಯ ಮುಂದೆಯೇ ಬಂಪರ್ ಸಡಿಲಿಸಿ ದೀಪ ಬದಲಿಸಿದೆವು. ಕೂಡಿಸಿದ ಜಾಗಕ್ಕೆ ಒಂದು ಕೂದಲೆಳೆಯೂ ವ್ಯತ್ಯಾಸವಿಲ್ಲದಂತೆ ಕೂತವು. ಅದೇ ಸಂಜೆ ಪರೀಕ್ಷೆಗೆಂದು ಊರಾಚೆಯ ಎರಡೇ ಲೇನಿನ ರಸ್ತೆಗೆ ಹೋದೆವು.

ಮೊದಲನೆಯ ಗಾಡಿ ಎದುರಿನಿಂದ ಲೈಟ್ ಮಿಣುಕಿಸಿತು. ಎರಡನೆಯದೂ ಮಿಣುಕಿಸಿತು. "ಹೈ ಬೀಮ್ ಇದೆಯಾ ನೋಡು" ಎಂದೆ. "ಇಲ್ಲ ಅಣ್ಣ, ಡಿಪ್‌ನಲ್ಲೇ ಇದೆ" ಎಂದ. ಮೂರನೆಯದು ಒಂದು ಚಿಕ್ಕ ಕಾರು. ಹತ್ತಿರ ಬಂದಂತೆ ಅದು ಇದ್ದಕ್ಕಿದ್ದಂತೆ ನಿಧಾನವಾಗಿ, ರಸ್ತೆ ಬಿಟ್ಟು, ಅಂಚಿನ ಜಲ್ಲಿಯ ಮೇಲೆ ಜಾರಿ ನಿಂತಿತು. ಅದರಾಚೆ ಚರಂಡಿಗೆ ಎರಡು ಮಾರು ದೂರವೂ ಇರಲಿಲ್ಲ.

ನಾವು ಓಡಿದೆವು. ಎಪ್ಪತ್ತು ದಾಟಿದ ಹೆಂಗಸು. ಪೆಟ್ಟೇನೂ ಆಗಿರಲಿಲ್ಲ. ಬೈಯಲೂ ಇಲ್ಲ. ಸ್ಟಿಯರಿಂಗ್ ಹಿಡಿದ ಕೈ ಬಿಡದೆ ಅವರು ಹೇಳಿದ್ದು ಇಷ್ಟೇ: ನನಗೆ ಬಿಳಿ ಬಿಟ್ಟು ಬೇರೇನೂ ಕಾಣಲಿಲ್ಲ, ರಸ್ತೆ ಎಲ್ಲಿದೆ ಎಂದೇ ತಿಳಿಯಲಿಲ್ಲ.

ಇಪ್ಪತ್ತು ವರ್ಷದಿಂದ ನಾನು ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ನಿಂತವನು. ಕಣ್ಣು ಪರೀಕ್ಷೆಗೆ ಪಾಪೆ ಹಿಗ್ಗಿಸುವ ಟ್ರಾಪಿಕಮೈಡ್ ಹನಿ ಹಾಕಿಸಿಕೊಂಡವರಿಗೆ "ಇವತ್ತು ನೀವು ಗಾಡಿ ಓಡಿಸಬೇಡಿ" ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಮಬ್ಬಾಗಿ ಬೆಳಕನ್ನು ಚದುರಿಸುತ್ತದೆ. ಹರೆಯದವರು ತಟ್ಟನೆ ಚೇತರಿಸಿಕೊಳ್ಳುವ ಬೆಳಕಿನ ಹೊಡೆತಕ್ಕೆ ಅವರಿಗೆ ಹೆಚ್ಚು ಹೊತ್ತು ಬೇಕು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎರಡು ಸೆಕೆಂಡ್ ಕುರುಡಾದರೆ 44 ಮೀಟರ್. ಇದೆಲ್ಲ ಗೊತ್ತಿದ್ದ ನಾನೇ ಆಕೆಯ ಕಣ್ಣಿಗೆ ತಪ್ಪು ಹನಿ ಹಾಕಿದಂತಾಗಿತ್ತು. ಅವರು ಸುಧಾರಿಸಿಕೊಂಡು ಹೊರಡುವವರೆಗೆ ಕಾದಿದ್ದು, ನಾವು ಆಮೆಯ ವೇಗದಲ್ಲಿ ಮನೆಗೆ ಬಂದೆವು. ಆ ರಾತ್ರಿ ಊಟ ಸೇರಲಿಲ್ಲ.

ಸೋಮವಾರ ತಮ್ಮನ ಪರಿಚಯದ ಹಳೆಯ ಮೆಕ್ಯಾನಿಕ್ ಹತ್ತಿರ ಹೋದೆವು. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಕಾರನ್ನು ಗೋಡೆಯೆದುರು ನಿಲ್ಲಿಸಿ, ಶಟರ್ ಎಳೆದು, ಡಿಪ್ ಲೈಟ್ ಹಾಕಿ, "ನೋಡಿ" ಎಂದರು. ಗೋಡೆಯ ಮೇಲೆ ಕತ್ತರಿಯಿಂದ ಕತ್ತರಿಸಿದ ಹಾಗೆ ಬೆಳಕಿನ ಒಂದು ಗೆರೆ. ಎಡಕ್ಕೆ ಮಟ್ಟಸ. ಬಲಕ್ಕೆ ಮಾತ್ರ ಮೇಲಕ್ಕೆ ಏರಿತ್ತು. "ನೀವಿರುವ ಊರಿನಲ್ಲಿ ರಸ್ತೆಯ ಯಾವ ಬದಿಗೆ ಓಡಿಸುತ್ತೀರಿ?" ಎಂದು ಕೇಳಿದರು. ಅಷ್ಟು ಸಾಕಾಯಿತು.

ಯುರೋಪಿಯನ್ ಮಾದರಿಯ ಡಿಪ್ ಬೆಳಕಿನ ಗುಟ್ಟೇ ಇದು. ಎರಡೂ ಬದಿಗೆ ಸಮವಾಗಿ ಚೆಲ್ಲುವ ಹಳೆಯ ಬೆಳಕಿನ ಬದಲು, ಎದುರು ಗಾಡಿ ಬರುವ ಬದಿಯಲ್ಲಿ ಬೆಳಕನ್ನು ತಗ್ಗಿಸಿ, ಪಾದಚಾರಿಗಳೂ ಮೈಲಿಗಲ್ಲುಗಳೂ ಇರುವ ಅಂಚಿನ ಬದಿಯಲ್ಲಿ ಸುಮಾರು 15 ಡಿಗ್ರಿ ಮೇಲಕ್ಕೆ ಎತ್ತುವ ದೀಪವನ್ನು 1950ರ ದಶಕದಲ್ಲಿ ಯುರೋಪಿನವರು ಬಳಕೆಗೆ ತಂದರು. ಗಲ್ಫಿನಲ್ಲಿ ನಾವು ಬಲಬದಿಗೆ ಓಡಿಸುತ್ತೇವೆ. ಇಲ್ಲಿನ ದೀಪದ ಬೆಳಕು ಬಲಕ್ಕೆ ಏರಿ ರಸ್ತೆಯಂಚನ್ನು ತೋರಿಸುತ್ತದೆ. ಆಸ್ಟ್ರೇಲಿಯಾದಲ್ಲಿ, ನಮ್ಮ ಊರಿನಲ್ಲೂ, ಎಡಬದಿ ಸಂಚಾರ. ಅಲ್ಲಿ ಅದೇ ದೀಪ ಹಾಕಿದರೆ ಏರುವ ಬೆಳಕು ನೇರ ಎದುರಿನವನ ಕಣ್ಣಿಗೆ, ಎಡಗಡೆ ನಡೆದುಹೋಗುವವನು ಕತ್ತಲಲ್ಲಿ. ಸ್ಕ್ರೂ ತಿರುಗಿಸಿ ಬೆಳಕನ್ನು ತಗ್ಗಿಸಿದರೂ ಓರೆ ಮಾತ್ರ ಹಾಗೆಯೇ ಉಳಿಯುತ್ತದೆ.

ಗುರುತು ದೀಪದ ಮೇಲೆಯೇ ಇತ್ತು, ನನಗೆ ಓದಲು ಬರಲಿಲ್ಲ ಅಷ್ಟೆ. ವೃತ್ತದೊಳಗಿನ 'ಇ' ಮತ್ತು ಅಂಕಿ ಮಾನ್ಯತೆ ಕೊಟ್ಟ ದೇಶವನ್ನು ಹೇಳುತ್ತವೆ. 1 ಎಂದರೆ ಜರ್ಮನಿ, 4 ನೆದರ್‌ಲ್ಯಾಂಡ್ಸ್, 11 ಬ್ರಿಟನ್. ಈ ಒಪ್ಪಂದಕ್ಕೆ 2000ದಲ್ಲಿ ಸೇರಿದ ಆಸ್ಟ್ರೇಲಿಯಾಕ್ಕೆ 45. ದೇಶದ ಅಂಕಿಯಿಂದ ಬದಿ ತಿಳಿಯುವುದಿಲ್ಲ, ಬಾಣದ ಗುರುತು ನೋಡಬೇಕು. ದೀಪದ ಎದುರು ನಿಂತು ನೋಡಿದಾಗ ನಮ್ಮ ಬಲಕ್ಕೆ ತೋರುವ ಅಡ್ಡ ಬಾಣವಿದ್ದರೆ ಅದು ಎಡಬದಿ ಸಂಚಾರದ ದೇಶಕ್ಕೆ. ಎರಡು ತುದಿಗೂ ಮೊನೆಯಿರುವ ಬಾಣವಿದ್ದರೆ ಎರಡಕ್ಕೂ ಹೊಂದಿಸಬಹುದು. ಬಾಣವೇ ಇಲ್ಲದಿದ್ದರೆ ಬಲಬದಿ ಸಂಚಾರಕ್ಕೆ ಮಾತ್ರ. ನಾನು ಒಯ್ದ ಜೋಡಿಯಲ್ಲಿ ಬಾಣ ಇರಲಿಲ್ಲ. ದಿನಕ್ಕೆ ನೂರಾರು ಸ್ಟ್ರಿಪ್‌ಗಳ ಸಣ್ಣಕ್ಷರ ಓದುವವನು ಇದೊಂದನ್ನು ಓದದೆ ಹೋದೆ.

ಈ ಎಡ-ಬಲದ ತೊಡಕನ್ನು ಇಡೀ ದೇಶವೇ ಎದುರಿಸಿದ್ದುಂಟು. ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಎಡದಿಂದ ಬಲಕ್ಕೆ ಬದಲಾಯಿತು. ಅಂದು ಅಲ್ಲಿನ ವಾಹನಗಳಿಗೆಲ್ಲ ಬಲಬದಿಯ ಹೆಡ್‌ಲೈಟ್ ಬೇಕಾಯಿತು. ಆಗ ಹೆಚ್ಚಿನ ಗಾಡಿಗಳಲ್ಲಿ ಒಂದೇ ಅಳತೆಯ ಅಗ್ಗದ ದುಂಡು ದೀಪ ಇದ್ದದ್ದರಿಂದ ಕೆಲಸ ಸುಲಭವಾಯಿತು. ನಮ್ಮ ಗಲ್ಫಿನಲ್ಲೇ ಬಹರೈನ್ ಕೂಡ ಅದೇ 1967ರಲ್ಲಿ ಎಡ ಬಿಟ್ಟು ಬಲಕ್ಕೆ ಬಂತು.

ತಮ್ಮನ ಹಳೆಯ ದೀಪಗಳನ್ನು ಎಸೆದಿರಲಿಲ್ಲ, ಪುಣ್ಯ. ಮೆಕ್ಯಾನಿಕ್ ಹೇಳಿದರು, ಇದರೊಳಗೇನೂ ಕೆಟ್ಟಿಲ್ಲ, ಮೇಲಿನ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗಿದೆ, ಅಷ್ಟೆ. ಈಗಿನ ಹೆಡ್‌ಲೈಟ್ ಮುಚ್ಚಳ ಗಾಜಲ್ಲ, ಪಾಲಿಕಾರ್ಬೊನೇಟ್. ಅದರ ಮೇಲಿನ ರಕ್ಷಣೆಯ ಲೇಪ ಬಿಸಿಲಿನ ನೇರಳಾತೀತ ಕಿರಣಕ್ಕೆ ಸವೆದುಹೋಗುತ್ತದೆ. ಇಲ್ಲಿಯ ಬಿಸಿಲಿಗೂ ಅದೇ ಪಾಡು. ನೀರು ಹಾಕಿ ಒರಟು ಕಾಗದದಿಂದ ಶುರುಮಾಡಿ ನುಣುಪು ಕಾಗದದವರೆಗೆ ಉಜ್ಜಿ, ಪಾಲಿಷ್ ಮಾಡಿ, ಕೊನೆಗೆ ಹೊಸ ಲೇಪ ಕೊಟ್ಟರು. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೊಳಪು ಬರುತ್ತದೆ, ಆದರೆ ಲೇಪವಿಲ್ಲದೆ ಬೇಗ ಮತ್ತೆ ಹಳದಿಯಾಗುತ್ತದೆ. ಗೋಡೆಯೆದುರು ಮತ್ತೆ ಬೆಳಕು ಹಾಕಿದಾಗ ಗೆರೆ ಎಡಕ್ಕೆ ಏರಿತ್ತು. ಹೊಸ ಜೋಡಿಯ ಬೆಲೆಯ ಒಂದಂಶವೂ ಖರ್ಚಾಗಲಿಲ್ಲ.

ಎರಡು ದಿನದ ನಂತರ ಅದೇ ಕಾರಿನಲ್ಲಿ ಸಿಡ್ನಿಗೆ ಹೊರಟೆವು. ಹ್ಯೂಮ್ ಹೆದ್ದಾರಿ, ಸುಮಾರು 880 ಕಿಲೋಮೀಟರ್. 2013ರಲ್ಲಿ ಹೋಲ್‌ಬ್ರೂಕ್ ಬೈಪಾಸ್ ಮುಗಿದ ಮೇಲೆ ಇಡೀ ದಾರಿ ಎರಡು ಕವಲಿನದಾಗಿದೆ, ಎದುರಿನ ಗಾಡಿಗಳ ಕಾಟ ಕಡಿಮೆ. ಗುಂಡಗಾಯ್ ದಾಟುವಾಗ ಕತ್ತಲಾಯಿತು. ಮುಸ್ಸಂಜೆಯಲ್ಲಿ ಕಾಂಗರೂಗಳು ರಸ್ತೆಗೆ ಹಾರುತ್ತವೆಂದು ತಮ್ಮ ವೇಗ ಇಳಿಸಿದ. ಒಮ್ಮೆ ಎಡಗಡೆ ಹುಲ್ಲಿನಲ್ಲಿ ಎರಡು ಕಣ್ಣು ಹೊಳೆದವು. ಆ ಎಡ ಅಂಚನ್ನು ತೋರಿಸಿದ್ದು ಹಳೆಯ ದೀಪ. ನಾನು ಒಯ್ದದ್ದಾಗಿದ್ದರೆ ಕಾಣುತ್ತಿರಲಿಲ್ಲ ಎಂದು ಇಬ್ಬರಿಗೂ ಹೊಳೆಯಿತು, ಯಾರೂ ಬಾಯಿಬಿಡಲಿಲ್ಲ.

ಸಿಡ್ನಿಯಲ್ಲಿ ಭಾವ ಕತೆ ಕೇಳಿ ನಕ್ಕು, ಪಕ್ಕದ ಬೀದಿಯ ಸ್ನೇಹಿತರ ಮನೆಗೆ ಕರೆದೊಯ್ದರು. ಅಲ್ಲಿ 1970ರ ದಶಕದ ಹೋಲ್ಡನ್ ಕಿಂಗ್ಸ್‌ವುಡ್ ಇತ್ತು. ಹೆಡ್‌ಲೈಟ್ ಬದಲಿಸುವುದೇ ತಪ್ಪು ಎಂದುಕೊಂಡಿದ್ದ ನನಗೆ ಸರಿಯಾಗಿ ಬದಲಿಸಿದ್ದು ಹೇಗಿರುತ್ತದೆಂದು ಅಲ್ಲಿ ತಿಳಿಯಿತು. ಆ ಕಾಲದ ಕಾರುಗಳಲ್ಲಿ ಸೀಲ್ಡ್ ಬೀಮ್ ಇರುತ್ತಿತ್ತು. ತಂತಿ, ಕನ್ನಡಿ, ಗಾಜು ಎಲ್ಲ ಒಂದೇ ಉಂಡೆ. ತಂತಿ ಸುಟ್ಟರೆ ಪೂರ್ತಿ ಬದಲಿಸಬೇಕು. ಅದನ್ನು ತೆಗೆದು, ಅದೇ 7 ಇಂಚಿನ ಜಾಗಕ್ಕೆ ಎಡಬದಿ ಬಾಣವಿರುವ ಯುರೋಪಿಯನ್ ದೀಪ ಮತ್ತು 60/55 ವಾಟಿನ ಎಚ್4 ಹ್ಯಾಲೊಜೆನ್ ಬಲ್ಬ್ ಹಾಕಿದ್ದರು. ನಮ್ಮ ಅಂಬಾಸಿಡರ್, ಜೀಪು, ಬುಲೆಟ್ ಬಲ್ಲವರಿಗೆ ಈ 7 ಇಂಚಿನ ದುಂಡು ದೀಪ ಹೊಸದಲ್ಲ.

ಅವರು ಮಾಡಿದ್ದ ಇನ್ನೊಂದು ಕೆಲಸ ರಿಲೇ. ಎರಡು ಡಿಪ್ ಬಲ್ಬಿಗೆ 110 ವಾಟ್, ಅಂದರೆ 12 ವೋಲ್ಟಿನಲ್ಲಿ ಒಂಬತ್ತು ಆಂಪಿಯರಿನಷ್ಟು ಕರೆಂಟು. ಅದು ಡ್ಯಾಶ್‌ಬೋರ್ಡಿನ ಹಳೆಯ ಸ್ವಿಚ್ಚು, ಸಣ್ಣ ತಂತಿಗಳ ಮೂಲಕ ಸುತ್ತಿ ಬರುವಾಗ ವೋಲ್ಟೇಜ್ ಸೋರಿಹೋಗುತ್ತದೆ. ಹತ್ತು ಶೇಕಡಾ ವೋಲ್ಟೇಜ್ ಇಳಿದರೆ ಬೆಳಕು ಮೂವತ್ತು ಶೇಕಡಾದಷ್ಟು ಇಳಿಯುತ್ತದೆ. ಬ್ಯಾಟರಿಯಿಂದ ದಪ್ಪ ತಂತಿ, ಫ್ಯೂಸ್, ರಿಲೇ ಹಾಕಿ, ಸ್ವಿಚ್ಚಿಗೆ ರಿಲೇ ಎಬ್ಬಿಸುವ ಕೆಲಸವನ್ನಷ್ಟೇ ಬಿಟ್ಟಿದ್ದರು. ನ್ಯೂ ಸೌತ್ ವೇಲ್ಸ್‌ನಲ್ಲಿ ಐದು ವರ್ಷ ದಾಟಿದ ಕಾರಿಗೆ ಪ್ರತಿವರ್ಷ ತಪಾಸಣೆಯ 'ಪಿಂಕ್ ಸ್ಲಿಪ್' ಬೇಕು. ವಿಕ್ಟೋರಿಯಾದಲ್ಲಿ ಕಾರು ಮಾರುವಾಗ ರೋಡ್‌ವರ್ದಿ ಸರ್ಟಿಫಿಕೇಟ್ ಬೇಕು. ಎರಡೂ ಕಡೆ ಹೆಡ್‌ಲೈಟ್ ನೋಡುತ್ತಾರೆ. ಎದುರಿನ ಗಾಡಿ 200 ಮೀಟರ್ ಒಳಗಿದ್ದಾಗ ಹೈ ಬೀಮ್ ಹಾಕುವುದು ಅಲ್ಲಿ ಅಪರಾಧ.

ಇದನ್ನೆಲ್ಲ ಇಲ್ಲಿ ಬರೆಯಲು ಕಾರಣವಿದೆ. ನಮ್ಮಲ್ಲಿ ಅನೇಕರು ಊರಿನ ಕಾರಿಗೆ, ಅಣ್ಣತಮ್ಮಂದಿರ ಬೈಕಿಗೆ ಇಲ್ಲಿಂದ ದೀಪ ಒಯ್ಯುತ್ತಾರೆ. ಹೆಡ್‌ಲೈಟ್ ಒಯ್ದರೆ ನನ್ನ ತಪ್ಪೇ ಮತ್ತೆ ಆಗುತ್ತದೆ, ನಮ್ಮೂರು ಎಡಬದಿ. ಎಲ್‌ಇಡಿ ಬಲ್ಬ್ ಒಯ್ದರೆ ಬೇರೆ ತಪ್ಪು. ಹ್ಯಾಲೊಜೆನ್ ದೀಪದ ಕನ್ನಡಿಯನ್ನು ಮಾಡಿರುವುದು ಬಲ್ಬಿನ ತಂತಿ ಇರುವ ಆ ಒಂದು ಬಿಂದುವಿಗೆ. ಬೆಳಕು ಹುಟ್ಟುವ ಜಾಗ ಸ್ವಲ್ಪ ಸರಿದರೂ ಗೆರೆ ಒಡೆದು ಬೆಳಕು ಮೇಲಕ್ಕೆ ಚೆಲ್ಲುತ್ತದೆ. ಓಡಿಸುವವನಿಗೆ "ಭಾರೀ ಬೆಳಕು" ಎನಿಸುತ್ತದೆ, ಎದುರಿನವನಿಗೆ ಕತ್ತಲೆ. ಘಾಟಿಯಲ್ಲಿ ರಾತ್ರಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತವರಿಗೆ ವಿವರಿಸಬೇಕಾಗಿಲ್ಲ. 2024ರ ಜುಲೈಯಿಂದ ಕರ್ನಾಟಕ ಪೊಲೀಸರು ಕಣ್ಣು ಕೋರೈಸುವ ಎಲ್‌ಇಡಿ ಹಾಕಿದ ವಾಹನಗಳ ಮೇಲೆ ಕೇಸು ಹಾಕತೊಡಗಿದ್ದೂ ಇದಕ್ಕೇ.

ಔಷಧ ಕೊಡುವ ಮೊದಲು ಐದು ನೋಡು ಎಂದು ಡಿಪ್ಲೊಮಾದಲ್ಲಿ ಕಲಿಸಿದ್ದರು: ಸರಿಯಾದ ರೋಗಿ, ಔಷಧ, ಪ್ರಮಾಣ, ಮಾರ್ಗ, ಸಮಯ. ದೀಪಕ್ಕೂ ಅದನ್ನೇ ಹಿಡಿದುಕೊಂಡಿದ್ದೇನೆ. ಆ ಗಾಡಿಗೇ ಮಾಡಿದ ದೀಪವೇ? ಆ ದೀಪಕ್ಕೆ ಹೇಳಿದ ಬಲ್ಬೇ? ವಾಟ್ ಹೆಚ್ಚಿಲ್ಲ ತಾನೇ? ಬಾಣ ಯಾವ ಬದಿಗೆ? ಕೂಡಿಸಿದ ಮೇಲೆ ಗೋಡೆಯೆದುರು ಎತ್ತರ ನೋಡಿದೆಯಾ? ಸಾಮಾನ್ಯವಾಗಿ ಹತ್ತು ಮೀಟರ್ ದೂರದ ಗೋಡೆಯಲ್ಲಿ ಗೆರೆ ದೀಪದ ಮಟ್ಟಕ್ಕಿಂತ ಹತ್ತು ಸೆಂಟಿಮೀಟರಿನಷ್ಟು ಕೆಳಗಿರಬೇಕು. ಸರಿಯಾದ ಅಂಕಿ ದೀಪದ ಮೇಲೆ ಅಥವಾ ಗಾಡಿಯ ಪುಸ್ತಕದಲ್ಲಿರುತ್ತದೆ.

ಆ ಜೋಡಿಯನ್ನು ವಾಪಸು ತಂದೆ. ಪುನಃ ಅದೇ ಸ್ವೆಟರ್ ನಡುವೆ ಸುತ್ತಿ ತಂದು, ಶಾರ್ಜಾದ ಅದೇ ಅಂಗಡಿಯಲ್ಲಿ ಅರ್ಧ ಬೆಲೆಗೆ ಕೊಟ್ಟೆ. ಬಲಬದಿಯ ಯಾವುದೋ ಕಾರಿಗೆ ಈಗ ಅವು ಸರಿಯಾಗಿಯೇ ಉರಿಯುತ್ತಿರಬಹುದು. ಈ ಸಲ ತಮ್ಮ ಫೋನಿನಲ್ಲಿ, "ಅಣ್ಣ, ಬರುವಾಗ ಖರ್ಜೂರ ತಾ, ಸಾಕು. ಕಾರ್ಡಿನಲ್ಲಿ ಬರೆದು ತೋರಿಸು" ಎಂದ.